ಹಿರಿಯರು ಒಪ್ಪಿದ ನಿರುದ್ಯೋಗಿ

ಕೆಲಸ ಹೋದ ಗಂಡಸು ಟೈ ಕಟ್ಟಬಾರದು. ಕಟ್ಟಿದರೆ ಏನೆಲ್ಲ ಆಗುತ್ತದೆ ಅನ್ನುವುದಕ್ಕೆ ನಮ್ಮ ಸಿಖೊಬೆನಿ ಬಡಾವಣೆಯ ವುಯಿಸಿಲೆಗಿಂತ ದೊಡ್ಡ ಸಾಕ್ಷಿ ನಮ್ಮ ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್ನಿನವರೆಗೆ ಹುಡುಕಿದರೂ ಸಿಕ್ಕುವುದಿಲ್ಲ.

ಬೀದಿಯಲ್ಲಿ ಯಾರೂ ಅವನನ್ನು ವುಯಿಸಿಲೆ ಅನ್ನುವುದಿಲ್ಲ. ಕುಲದ ಹೆಸರು ಹಿಡಿದು ಜ್ವಾರಾ ಅನ್ನುತ್ತಾರೆ. ಮರ್ಯಾದಸ್ಥರನ್ನು ಹಾಗೆ ಕರೆಯುವುದು ಪದ್ಧತಿ. ಮರ್ಯಾದೆ ಇಲ್ಲದವರನ್ನೂ ಹಾಗೇ ಕರೆಯುತ್ತಾರೆ, ಕುಲ ಪಾಪ ಏನು ಮಾಡಿತ್ತು?

ಈ ಜ್ವಾರಾ ಹಾಸಿಗೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ದುಡಿಯುತ್ತಿದ್ದ ಅಂದರೆ ಮಲಗುತ್ತಿದ್ದ. ತಯಾರಾಗಿ ಬಂದ ಒಂದೊಂದು ಹಾಸಿಗೆಯ ಮೇಲೂ ಮಲಗಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿ, ಸ್ಪ್ರಿಂಗು ಕಿರುಗುಟ್ಟುತ್ತದೋ ಇಲ್ಲವೋ ಕಿವಿಗೊಟ್ಟು ಕೇಳಿ, ಸರಿಯಿದೆ ಅಂತ ಚೀಟಿ ಅಂಟಿಸುವುದು ಅವನ ಕೆಲಸ. "ನಮ್ಮೆಜಮಾನ್ರಿಗೆ ಬಡ್ತಿ ಸಿಕ್ಕಿದ್ರೆ ಗೊರಕೆ ಹೊಡೆಯೋಕೂ ಅನುಮತಿ ಕೊಡ್ತಾರಂತೆ" ಅಂತ ಅವನ ಹೆಂಡತಿ ಮಾಂಬೆಲೆ ಬಟ್ಟೆ ಒಣಹಾಕುತ್ತ ಪಕ್ಕದವರಿಗೆ ಹೇಳಿ ನಗುತ್ತಿದ್ದಳು. ಆಮೇಲೆ ಕಾರ್ಖಾನೆ ಬಾಗಿಲು ಹಾಕಿತು. ಮಾಂಬೆಲೆ ನಗುವುದನ್ನು ನಿಲ್ಲಿಸಿದಳು.

ನಿರುದ್ಯೋಗ ಭತ್ಯೆ ಅಂತ ಒಂದಿದೆಯಲ್ಲ, ಸಂಬಳದಲ್ಲಿ ತಿಂಗಳು ತಿಂಗಳೂ ಕತ್ತರಿಸಿ ಇಟ್ಟುಕೊಂಡದ್ದನ್ನು ಕೆಲಸ ಹೋದಾಗ ಸರ್ಕಾರ ಕೈಗೆ ಕೊಡುತ್ತದೆ. ಆಗಸ್ಟ್ ಮುಗಿಯುವುದರೊಳಗೆ ಜ್ವಾರಾನ ಅರ್ಜಿಗೆ ಮುದ್ರೆ ಬೀಳಬೇಕಿತ್ತು. ಬೀಳದಿದ್ದರೆ ಅಷ್ಟು ವರ್ಷ ಹೊರಳಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಮನೆಯಲ್ಲಿ ಜೋಳದ ಹಿಟ್ಟಿನ ಚೀಲದ ತಳ ಕಾಣುತ್ತಿತ್ತು, ಮಾಂಬೆಲೆಯ ಸಹನೆಯ ತಳವೂ ಕಾಣುತ್ತಿತ್ತು.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಕಾರ್ಮಿಕ ಕಚೇರಿಯಲ್ಲಿ ಕೌಂಟರಿನ ಹಿಂದೆ ಜೊಡ್ವಾ ಅಮ್ಮ ಕೂತಿದ್ದಳು, ಅವಳ ಹಿಂದೆ ಸಿಸ್ಟಮ್ ಅನ್ನುವ ಕಂಪ್ಯೂಟರು ಕೂತಿತ್ತು. ಕೂತಿತ್ತು ಅನ್ನುವುದಕ್ಕಿಂತ ಬಿದ್ದಿತ್ತು. "ಸಿಸ್ಟಮ್ ಬಿದ್ದಿದೆ, ನಾಳೆ ಬನ್ನಿ" ಅನ್ನುವುದು ಅಲ್ಲಿನ ಪ್ರಾತಃಪ್ರಾರ್ಥನೆ. ಸಿಸ್ಟಮ್ಮಿಗೆ ವಯಸ್ಸಾದ ಅತ್ತೆಯ ಸ್ವಭಾವ. ಇವತ್ತು ಬೀಳುತ್ತದೆ, ನಾಳೆ ಎದ್ದು ಕೂತು ಒಂದಿಬ್ಬರನ್ನು ಮಾತಾಡಿಸುತ್ತದೆ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಮಲಗುತ್ತದೆ. ಅದು ಎದ್ದ ಹೊತ್ತಿನಲ್ಲಿ ನೀನು ಎದುರಿಗಿಲ್ಲದಿದ್ದರೆ ನಿನ್ನ ಕಾಗದ ಎಲ್ಲಕ್ಕಿಂತ ಕೆಳಗೆ ಹೋಗುತ್ತದೆ.

ಹಾಗಾಗಿ ಜ್ವಾರಾ ದಿನಾ ಹೋದ. ಹೋಗುವಾಗ ಮದುವೆಯ ಕೋಟು ಹಾಕಿ, ಮದುವೆಯ ಟೈ ಕಟ್ಟಿಕೊಂಡ.

"ಭಿಕ್ಷೆ ಕೇಳೋಕೆ ಹೋಗೋನಿಗೆ ಟೈ ಯಾಕೆ?" ಅಂದಳು ಮಾಂಬೆಲೆ.

"ಭಿಕ್ಷೆ ಅಲ್ಲ ಕಣೇ, ಹಕ್ಕು. ಹಕ್ಕನ್ನ ಕೇಳೋನು ಹಕ್ಕುದಾರನ ಥರ ಕಾಣ್ಬೇಕು."

"ಶವ ಹೊರೋಕೆ ಬಂದೋನ ಥರ ಕಾಣ್ತಿದ್ದೀಯ."

ಕಚೇರಿಯ ಸಾಲಿನಲ್ಲಿ ಒಂದು ಶಿಸ್ತಿದೆ. ಜನ ನಸುಕಿಗೇ ಬರುತ್ತಾರೆ, ತಮ್ಮ ಜಾಗದಲ್ಲಿ ಒಂದು ಕಲ್ಲಿಟ್ಟು, ಎದುರಿನ ಗೋಡೆಗೆ ಒರಗಿ ಬಿಸಿಲು ಕಾಯುತ್ತಾರೆ. ಕಲ್ಲೇ ಮನುಷ್ಯ. ಯಾರ ಕಲ್ಲನ್ನೂ ಯಾರೂ ಮುಟ್ಟುವಂತಿಲ್ಲ. ಮುಟ್ಟಿದವನ ವಂಶಾವಳಿಯನ್ನು ಅಲ್ಲೇ ನಿಂತು ಹಿಂದುಮುಂದಾಗಿ ಓದುತ್ತಾರೆ. ಜ್ವಾರಾ ಎಲ್ಲರಿಗಿಂತ ಮೊದಲು ಬರುವವನು, ಮೇಲೆ ಟೈ ಬೇರೆ. "ಅಣ್ಣಾ, ನನ್ನ ಕಲ್ಲು ಸ್ವಲ್ಪ ನೋಡ್ಕೊಂಡಿರು, ಟೀ ಕುಡಿದು ಬರ್ತೀನಿ" ಅಂದ ಒಬ್ಬ. ಮಾರನೆ ದಿನ ನಾಲ್ಕು ಜನ ಅಂದರು. ವಾರ ಕಳೆಯುವುದರೊಳಗೆ ಜ್ವಾರಾ ಸಾಲಿನ ಪಕ್ಕದಲ್ಲಿ ಕೈ ಹಿಂದೆ ಕಟ್ಟಿ ಓಡಾಡುತ್ತ, "ಕೆಂಪು ಇಟ್ಟಿಗೆ ಯಾರ್ದಮ್ಮಾ, ಮುಂದೆ ಬನ್ನಿ! ಒಡೆದ ಹೆಂಚು, ನೀವು ಅವ್ರ ಹಿಂದೆ! ಏ, ಅದು ಕಲ್ಲಲ್ಲ, ಬ್ರೆಡ್ಡು, ಬ್ರೆಡ್ಡು ನಡೆಯೋದಿಲ್ಲ!" ಅಂತ ಕೂಗುತ್ತಿದ್ದ. ಕಾವಲುಗಾರ ತೆಂಬಿಲೆಗೆ ಸ್ವರ್ಗವೇ ಸಿಕ್ಕಿತು. ಗೇಟಿನ ಕೀಲಿ ಜ್ವಾರಾನ ಕೈಗಿಟ್ಟು, ತನ್ನ ಗೂಡಿನೊಳಗೆ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡ.

ಇಂಥ ಒಂದು ಬೆಳಿಗ್ಗೆ ಪಕ್ಕದ ಮನೆಯ ಮಾರಾದೆಬೆ ತನ್ನ ತಂಗಿಯ ಹೆರಿಗೆ ಭತ್ಯೆಯ ಕಾಗದ ಹಿಡಿದು ಅಲ್ಲಿಗೆ ಬಂದಳು. ಮಾರಾದೆಬೆ ಕಿಟಕಿಯಲ್ಲಿ ಕರಿದ ಹಿಟ್ಟಿನುಂಡೆ ಮಾರುವವಳು. ಬೀದಿಗೆ ಅವಳೇ ರೇಡಿಯೋ. ರೇಡಿಯೋಗೂ ಅವಳಿಗೂ ಇದ್ದ ವ್ಯತ್ಯಾಸ ಅಂದರೆ ರೇಡಿಯೋವನ್ನು ಆರಿಸಬಹುದು.

"ಅಯ್ಯಯ್ಯೋ ಜ್ವಾರಾ!" ಅಂತ ಅವಳು ಕೆನ್ನೆಗೆ ಕೈ ಹಚ್ಚಿದಳು. "ಸರ್ಕಾರದ ಕೆಲಸ! ಕೋಟು, ಟೈ, ಕೈಯಲ್ಲಿ ಕೀಲಿ! ಪಕ್ಕದ ಮನೆಯವಳಿಗೆ ಒಂದು ಮಾತು ಹೇಳಬಾರದಾ? ನಾನೇನು ಕಣ್ಣು ಹಾಕ್ತಿದ್ನಾ?"

ಇಲ್ಲ ಅನ್ನುವುದಕ್ಕೆ ಒಂದು ಉಸಿರು ಸಾಕಿತ್ತು. ಆ ಉಸಿರನ್ನು ಟೈ ಹಿಡಿದುಕೊಂಡಿತು. ಜ್ವಾರಾ ಮೆಲ್ಲಗೆ ನಕ್ಕು, "ಕಲ್ಲು ಎಲ್ಲಿಟ್ರಿ ಮಾರಾದೆಬೆ?" ಅಂದ.

ಅಷ್ಟೇ. ಅವನು ಸಂಜೆ ಮನೆಗೆ ಬರುವ ಹೊತ್ತಿಗೆ ಬೀದಿಯೆಲ್ಲ ಅವನಿಗೆ ಕೆಲಸ ಕೊಟ್ಟಾಗಿತ್ತು. ಮೂಲೆಯ ಅಂಗಡಿಯವನು ಹಳೇ ಬಾಕಿ ಕೇಳುವುದನ್ನು ಬಿಟ್ಟು ಹೊಸ ಸಾಲ ಕೊಡಲು ಬಂದ. ಇಗರ್ಜಿಯಲ್ಲಿ ಮಾಂಬೆಲೆಯನ್ನು ಕಂಬದ ಹಿಂದಿನಿಂದ ಎಬ್ಬಿಸಿ ಮೊದಲ ಸಾಲಿನಲ್ಲಿ ಕೂರಿಸಿದರು.

"ನಾಳೆ ಎಲ್ಲರಿಗೂ ನಿಜ ಹೇಳಿಬಿಡು" ಅಂದಳು ಮಾಂಬೆಲೆ ಆ ದಿನ.

"ಹೇಳ್ತೀನಿ."

"ಇನ್ನೊಂದು ಭಾನುವಾರ ಕಳೀಲಿ ಬೇಕಾದ್ರೆ" ಅಂದಳು, ಸ್ವಲ್ಪ ತಡೆದು. ಮೊದಲ ಸಾಲಿನ ಬೆಂಚಿಗೆ ಮೆತ್ತೆ ಇತ್ತು.

ಎರಡು ಭಾನುವಾರ ಕಳೆದ ಮೇಲೆ ಸಿಸ್ಟಮ್ ಎದ್ದು ಕೂತಿತು. ಜ್ವಾರಾನ ಹೆಸರು ಕೂಗಿದರು. ಅವನು ಕೋಟಿನ ಗುಂಡಿ ಹಾಕಿಕೊಂಡು, ಯಾರಿಗೋ ಪದಕ ಕೊಡಲು ಹೊರಟವನ ಗತ್ತಿನಲ್ಲಿ ಒಳಗೆ ಹೋದ. ಜೊಡ್ವಾ ಅಮ್ಮ ಕನ್ನಡಕದ ಮೇಲಿಂದ ನೋಡಿದಳು.

"ನಿಮ್ಮ ಅರ್ಜಿ ತಡೆಹಿಡಿದಿದೆ. ನಿಮಗೆ ಕೆಲಸ ಇದೆ ಅಂತ ದಾಖಲಾಗಿದೆ."

"ನನಗೆ? ಎಲ್ಲಿ?"

"ಇಲ್ಲಿ."

ಜ್ವಾರಾ ಹಿಂದೆ ತಿರುಗಿ ನೋಡಿದ, ಇನ್ನೊಬ್ಬ ಯಾರಾದರೂ ನಿಂತಿದ್ದಾನೋ ಅಂತ. ಇರಲಿಲ್ಲ.

"ಒಬ್ಬ ಹೆಂಗಸು ದೂರು ಕೊಟ್ಟಿದ್ದಾಳೆ" ಅಂದಳು ಜೊಡ್ವಾ ಅಮ್ಮ. "'ನಿಮ್ಮ ಟೈ ಕಟ್ಟಿದ ಸಿಬ್ಬಂದಿ ನನ್ನ ಕಲ್ಲನ್ನ ಹಿಂದಕ್ಕೆ ತಳ್ಳಿದ' ಅಂತ. ಸಿಬ್ಬಂದಿ ಮೇಲೆ ದೂರು ಬಂದ ಮೇಲೆ ಸಿಬ್ಬಂದಿ ಇರ್ಲೇಬೇಕಲ್ಲ?"

"ಅಮ್ಮಾ, ಇಲ್ಲಿ ನನ್ನ ಮೇಲಧಿಕಾರಿ ಯಾರು?"

"ಅದನ್ನೇ ನಾವೂ ಹುಡುಕ್ತಾ ಇದ್ದೀವಿ."

"ನನಗೆ ಸಂಬಳ ಬಂದಿಲ್ಲ!"

"ಸಂಬಳ ಬಾರದ ದೂರಿಗೆ ಕೌಂಟರ್ ಬೇರೆ. ಮೂಲೇದು. ಅವರು ರಜದಲ್ಲಿದ್ದಾರೆ."

"ಹಾಗಾದ್ರೆ ನಾನು ಇಲ್ಲಿ ಕೆಲಸ ಮಾಡ್ತಿಲ್ಲ ಅಂತ ನೀವೇ ಒಂದು ಚೀಟಿ ಬರೆದುಕೊಡಿ."

ಜೊಡ್ವಾ ಅಮ್ಮ ನಿಜವಾಗಿ ನೊಂದುಕೊಂಡಳು. "ಅದು ಹೇಗಪ್ಪಾ ಆಗುತ್ತೆ? ಇಲ್ಲಿ ಕೆಲಸ ಮಾಡಿದೋರಿಗೆ ಮಾತ್ರ ನಾವು ಚೀಟಿ ಕೊಡೋದು."

ಹೀಗೆ ಒಂದು ಸುತ್ತು ತಿರುಗಿ ಇಬ್ಬರೂ ಹೊರಟಲ್ಲಿಗೇ ಬಂದು ನಿಂತರು. ಅವಳು ಕೆಟ್ಟವಳಲ್ಲ. ನಿಯಮದ ಪುಸ್ತಕವನ್ನು ಎದೆಗವಚಿಕೊಂಡು ಹುಟ್ಟಿದವಳು, ಅಷ್ಟೆ. ಕೊನೆಗೆ ಒಂದು ದಾರಿ ತೋರಿಸಿದಳು. "ನಿಮ್ಮ ಕುಲದ ಹಿರಿಯರೊಬ್ಬರು, ಬೀದಿಯವರೊಬ್ಬರು, ಇಬ್ಬರೂ ಬಂದು ನನ್ನ ಎದುರಿಗೆ ಪ್ರಮಾಣ ಮಾಡ್ಲಿ, ಈ ಮನುಷ್ಯನಿಗೆ ಯಾವ ಕೆಲಸವೂ ಇಲ್ಲ ಅಂತ. ಸೋಮವಾರ ಕೊನೇ ದಿನ. ಮಂಗಳವಾರ ಬಂದ್ರೆ ನಾನು ನಿಮ್ಮನ್ನ ನೋಡಿದ್ದೂ ಇಲ್ಲ, ನೀವು ನನ್ನನ್ನ ನೋಡಿದ್ದೂ ಇಲ್ಲ."

ಜ್ವಾರಾ ಬಿಸಿತುಪ್ಪ ಬಾಯಿಗೆ ಹಾಕಿಕೊಂಡವನ ಮುಖ ಮಾಡಿಕೊಂಡು ಹೊರಬಂದ. ಬೀದಿಯವರ ಹತ್ತಿರ ಹೋಗಿ ಏನನ್ನಬೇಕು? 'ನೀವು ಮೆಚ್ಚಿಕೊಂಡ ಅಧಿಕಾರಿ ದಂಡಪಿಂಡ ಅಂತ ಆಣೆ ಮಾಡಿ ಬನ್ನಿ' ಅಂತಲೇ? ಇದನ್ನೇ ಯೋಚಿಸುತ್ತ ಮನೆ ಮುಟ್ಟಿದರೆ, ಅಂಗಳದಲ್ಲಿ ಒಂದು ಆಡು ಕಟ್ಟಿತ್ತು. ಆಡಿನ ಪಕ್ಕದಲ್ಲಿ ಹಳ್ಳಿಯಿಂದ ಬಂದ ಅವನ ದೊಡ್ಡಪ್ಪ ಖೊಲೆಕಿಲೆ ಕೂತು ಚಿಲುಮೆ ಸೇದುತ್ತಿದ್ದ.

"ಮಗನೇ!" ಅಂತ ಎದ್ದು ತಬ್ಬಿಕೊಂಡ ದೊಡ್ಡಪ್ಪ. "ನಮ್ಮ ವಂಶದಲ್ಲಿ ಸರ್ಕಾರ ಹಿಡಕೊಂಡು ಹೋದೋರಿದ್ದಾರೆ, ಸರ್ಕಾರಕ್ಕೆ ಹೆದರಿ ಓಡಿಹೋದೋರಿದ್ದಾರೆ. ಸರ್ಕಾರದ ಒಳಗೆ ಕೂತೋನು ನೀನೇ ಮೊದಲು. ಮಾರಾದೆಬೆ ಫೋನ್ ಮಾಡಿದ್ಲು. ಶನಿವಾರ ತೀರಿಹೋದ ಹಿರಿಯರಿಗೆ ತಿಳಿಸೋಣ. ಆಡು ಇದೆ, ನಿನ್ನ ಹೆಂಡತಿ ಹುಳಿಬಿಯರಿಗೆ ಹಿಟ್ಟು ನೆನೆಹಾಕಿದ್ದಾಳೆ."

ಜ್ವಾರಾ ಹೆಂಡತಿಯ ಕಡೆ ನೋಡಿದ. ಅವಳು ಹಂಡೆಯ ಕಡೆ ನೋಡಿದಳು.

"ನಾನೇನ್ಮಾಡ್ಲಿ?" ಅಂದಳು ಒಳಗೆ ಹೋದ ಮೇಲೆ, ಹಲ್ಲು ಕಚ್ಚಿಕೊಂಡು. "ಹಿಟ್ಟು ಹೊತ್ತುಕೊಂಡೇ ಬಂದ್ರು. ಸತ್ತೋರಿಗೆ ಸುಳ್ಳು ಹೇಳೋಕೆ ಹೊರಟಿದ್ದೀಯ, ನೆನಪಿರ್ಲಿ. ಬದುಕಿರೋರಾದ್ರೆ ಮರೀತಾರೆ. ಸತ್ತೋರಿಗೆ ಮಾಡೋಕೆ ಬೇರೆ ಕೆಲಸ ಇಲ್ಲ."

"ಈಗ ಹೇಳಿದ್ರೆ ದೊಡ್ಡಪ್ಪನ ಎದೆ ಒಡೆದುಹೋಗುತ್ತೆ."

"ಸೋಮವಾರ ಕಳೆದ್ರೆ ನಮ್ಮ ಹೊಟ್ಟೆ ಒಡೆದುಹೋಗುತ್ತೆ. ಯಾವ್ದು ಬೇಕು ಆರಿಸ್ಕೋ."

ಜ್ವಾರಾ ಎರಡರಲ್ಲಿ ಯಾವುದನ್ನೂ ಆರಿಸಲಿಲ್ಲ. ಇಂಥವರಿಗಾಗಿಯೇ ದೇವರು ಶನಿವಾರವನ್ನು ಸೃಷ್ಟಿಸಿದ್ದು.

ಶನಿವಾರ ಬೀದಿಗೆ ಬೀದಿಯೇ ಬಂತು. ಹಿತ್ತಲಲ್ಲಿ ಕಂಬ ನೆಟ್ಟು ದೊಡ್ಡಿ ಮಾಡಿದ್ದರು. ಗಂಡಸರು ಒಳಗೆ, ಹೆಂಗಸರು ಬೇಲಿಯ ಹೊರಗೆ, ಹುಳಿಬಿಯರಿನ ಡಬ್ಬ ಕೈಯಿಂದ ಕೈಗೆ. ದೊಡ್ಡಪ್ಪ ಈಟಿ ಹಿಡಿದು ನಿಂತು ಕುಲದ ಹಿರಿಯರನ್ನು ಹೆಸರು ಹಿಡಿದು ಕರೆದ. ಕರೆದು ಸುಮ್ಮನಾಗಬಾರದೇ? ಅವರ ಮೊಮ್ಮಗ ಜ್ವಾರಾ ಏರಿದ ಎತ್ತರವನ್ನು ಬಣ್ಣಿಸತೊಡಗಿದ. ಕಚೇರಿಯ ಕೀಲಿ ಇವನ ಕೈಯಲ್ಲಿದೆ ಅಂದ. ನೂರಾರು ಜನ ಇವನ ಮಾತಿಗೆ ಕಾಯುತ್ತಾರೆ ಅಂದ. ಮಂತ್ರಿಗಳು ಇವನನ್ನು ಕೇಳದೆ ಏನೂ ಮಾಡುವುದಿಲ್ಲ ಅನ್ನುವಷ್ಟರಲ್ಲಿ ಜ್ವಾರಾನೇ ಕೆಮ್ಮಿದ. ದೊಡ್ಡಪ್ಪ ಈಟಿಯ ಮೊನೆಯನ್ನು ಆಡಿನ ಹೊಟ್ಟೆಗೆ ತಾಗಿಸಿದ.

ಈಗ ಆಡು ಕೂಗಬೇಕು. ಕೂಗಿದರೆ ಹಿರಿಯರು ಒಪ್ಪಿದರು ಅಂತ. ಎಲ್ಲರೂ 'ಚಾಮಗು!' ಅಂತ ಜೈಕಾರ ಹಾಕುವುದು ಆಮೇಲೆ. ಜನ ಬಾಯಿ ಅರ್ಧ ತೆರೆದು ಕಾದರು. ಆಡು ದೊಡ್ಡಪ್ಪನ ಮುಖ ನೋಡಿತು, ಮೆಲುಕು ಹಾಕಿತು.

ಇನ್ನೊಮ್ಮೆ ಚುಚ್ಚಿದ. ಆಡು ಬಾಲ ಅಲ್ಲಾಡಿಸಿತು.

"ಮೂಕ ಆಡಾ?" ಅಂತ ಯಾರೋ ಪಿಸುಗುಟ್ಟಿದರು.

"ಬಾಯಿ ಮುಚ್ಚು!" ಅಂದ ದೊಡ್ಡಪ್ಪ. "ಆಡು ಮೂಕ ಅಲ್ಲ. ದಾರಿಯುದ್ದಕ್ಕೂ ಟ್ಯಾಕ್ಸಿಯಲ್ಲಿ ಅರಚಿ ಚಾಲಕನ ಕಿವಿ ತೂತು ಮಾಡಿದೆ. ಇಲ್ಲಿ ಯಾರದೋ ಹೊಟ್ಟೆಯಲ್ಲಿ ಏನೋ ಅಡಗಿದೆ. ಹಿರಿಯರಿಗೆ ಅದು ಅಡ್ಡ ಬರ್ತಿದೆ. ಇದ್ದೋರು ಹೊರಗೆ ಹಾಕಿ. ಹಾಕೋವರೆಗೆ ಯಾರೂ ಇಲ್ಲಿಂದ ಅಲ್ಲಾಡೋ ಹಾಗಿಲ್ಲ."

ಪದ್ಧತಿ ಅಂದರೆ ಪದ್ಧತಿ. ಕೂಗದ ಆಡಿನ ಮುಂದೆ ಮುಚ್ಚಿಟ್ಟದ್ದನ್ನು ಬಿಚ್ಚಿಡಲೇಬೇಕು. ಮೊದಲು ಇಗರ್ಜಿಯ ಭಜನೆ ಮೇಳದ ಯಜಮಾನ ಗಂಟಲು ಸರಿಮಾಡಿಕೊಂಡು, ಮೂಲೆಯ ಅಂಗಡಿಯ ಕೈಗಾಡಿ ಕಳುವಾಗಿರಲಿಲ್ಲ, ತನ್ನ ಹಿತ್ತಲಲ್ಲಿದೆ, ಅದರಲ್ಲಿ ಈಗ ಕೋಳಿಗಳು ಮಲಗುತ್ತವೆ ಅಂದ. ಅಂಗಡಿಯವನು ಎದ್ದುನಿಂತ. ಜನ ಅವನನ್ನು ಎಳೆದು ಕೂರಿಸಿ ಆಡಿನ ಕಡೆ ನೋಡಿದರು. ಆಡು ಸುಮ್ಮನಿತ್ತು. ಅಂಗಡಿಯವನೂ ಬಿಡದೆ, ತನ್ನ ತಕ್ಕಡಿಯ ತಳಕ್ಕೆ ಒಂದು ಚೂರು ಸೀಸ ಅಂಟಿದೆ, ತಾನಾಗೇ ಅಂಟಿದ್ದು ಅಂದ. ಹೆಂಗಸರ ಕಡೆಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಬೇಲಿಯಾಚೆ ಮಾರಾದೆಬೆ ಬಿಕ್ಕಿದಳು. "ಜ್ವಾರಾ, ನಿನ್ನ ಕಚೇರಿಯಲ್ಲಿ ನಿನ್ನ ಮೇಲೆ ದೂರು ಕೊಟ್ಟೋಳು ನಾನೇ ಕಣಪ್ಪಾ! ಪಕ್ಕದ ಮನೆಯೋನು ಅಧಿಕಾರಿಯಾಗಿ ನನ್ನ ಕಲ್ಲನ್ನ ಹಿಂದೆ ಹಾಕಿದ್ರೆ ಹೊಟ್ಟೆ ಉರಿಯೋದಿಲ್ವಾ?"

ಆಡು ಕಣ್ಣು ಮುಚ್ಚಿತು.

ದೊಡ್ಡಪ್ಪ ಸುತ್ತ ನೋಡಿದ, ನೆಲ ನೋಡಿದ, ದನಿ ತಗ್ಗಿಸಿದ. "ಈ ಆಡು ನನ್ನದಲ್ಲ. ನಮ್ಮೂರ ಪಕ್ಕದ ಹಟ್ಟಿಯದು. ಕೇಳಿ ತರೋಣ ಅಂತಿದ್ದೆ, ಟ್ಯಾಕ್ಸಿ ಬಂದುಬಿಡ್ತು."

"ಹಾಂ! ಇದೇ ನೋಡಿ ಅಡ್ಡಿ!" ಅಂತ ಜನ ನಿಟ್ಟುಸಿರುಬಿಟ್ಟರು. ದೊಡ್ಡಪ್ಪ ನಾಚಿಕೊಂಡೇ ಈಟಿ ಎತ್ತಿ ಚುಚ್ಚಿದ. ಆಡಿನ ಬಾಯಿಂದ ಒಂದು ತೇಗು ಬಂತು. ತೇಗಿಗೆ ಚಾಮಗು ಹೇಳಬಹುದೋ ಅಂತ ಒಂದು ಚರ್ಚೆಯಾಗಿ, ಬಾರದು ಅಂತ ತೀರ್ಮಾನವಾಯಿತು.

ಬೇಲಿಯ ಸಂದಿಯಿಂದ ಮಾಂಬೆಲೆಯ ದನಿ ಬಂತು, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ. "ನೀನು ಹೇಳ್ತೀಯೋ, ನಾನೇ ಹೇಳ್ಲೋ?"

ಕಷ್ಟದ ಹೊತ್ತಿಗೆ ಜ್ವಾರಾನಿಗೆ ಗೊತ್ತಿದ್ದದ್ದು ಒಂದೇ ಕೆಲಸ, ಮಲಗುವುದು. ಅಲ್ಲಿ ಅದಕ್ಕೂ ಜಾಗ ಇರಲಿಲ್ಲ.

"ನನಗೆ ಸರ್ಕಾರದ ಕೆಲಸ ಇಲ್ಲ" ಅಂದ. "ಯಾವ ಕೆಲಸವೂ ಇಲ್ಲ. ಕಾರ್ಖಾನೆ ಮುಚ್ಚಿದ ದಿನದಿಂದ ಇಲ್ಲ. ನಾನೂ ನಿಮ್ಮ ಹಾಗೆ ಸಾಲಿನಲ್ಲಿ ನಿಲ್ಲೋನು. ಕಲ್ಲು ನೋಡ್ಕೋ ಅಂದ್ರು, ನೋಡ್ಕೊಂಡೆ. ನೀವೆಲ್ಲ ಸಾಹೇಬ್ರೇ ಅಂದ್ರಿ, ಒಳ್ಳೇದಾಯ್ತು ಅನ್ನಿಸ್ತು. ನಾಚಿಕೆಯಾಗಿ ಹೇಳಲಿಲ್ಲ."

ದೊಡ್ಡಪ್ಪನ ಕೈಯಿಂದ ಈಟಿ ಜಾರಿ ಆಡಿನ ಕಾಲ ಮೇಲೆ ಬಿತ್ತು.

"ಮ್ಯಾಂ​ಽಽಽ!"

ಬೀದಿಯ ಆಚೆ ತುದಿಯಲ್ಲಿದ್ದ ನಾಯಿಗಳು ಎದ್ದು ಬೊಗಳಿದವು, ಅಂಥ ಕೂಗು. "ಚಾಮಗು!" ಅಂತ ಜನ ಅಭ್ಯಾಸಬಲದಿಂದ ಒಟ್ಟಿಗೇ ಕೂಗಿಬಿಟ್ಟರು. ಕೂಗಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಒಪ್ಪಿದ್ರಲ್ಲ" ಅಂದ ಭಜನೆ ಮೇಳದ ಯಜಮಾನ. "ಆದ್ರೆ ಏನನ್ನ ಒಪ್ಪಿದ್ರು?"

ದೊಡ್ಡಪ್ಪ ಬಹಳ ಹೊತ್ತು ಗಡ್ಡ ಕೆರೆದುಕೊಂಡ. ಈಟಿ ಜಾರಿ ಬಿದ್ದದ್ದಕ್ಕೆ ಆಡು ಕೂಗಿತು ಅನ್ನುವುದು ಸಣ್ಣ ಮನಸ್ಸಿನವರ ಮಾತು, ಅವನು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. "ಇವನಿಗೆ ಕೆಲಸ ಇದೆ ಅಂದಾಗ ಕೂಗಲಿಲ್ಲ. ಇಲ್ಲ ಅಂದಾಗ ಕೂಗ್ತು. ಅಂದ ಮೇಲೆ ಇವನಿಗೆ ಕೆಲಸ ಇಲ್ಲದಿರೋದನ್ನ ಹಿರಿಯರು ಒಪ್ಪಿದ್ದಾರೆ. ನಮ್ಮ ಕುಲದಲ್ಲಿ ಎಷ್ಟೋ ಜನ ಸುಮ್ಮನೆ ಕೂತೋರಿದ್ದಾರೆ. ಒಪ್ಪಿಗೆ ಪಡೆದು ಕೂತೋನು ಇವನೇ ಮೊದಲು." ಆಮೇಲೆ ಜ್ವಾರಾನ ಕಿವಿ ಹಿಡಿದು ತಿರುಚಿದ. "ಮಂತ್ರಿಗಳ ವಿಷಯ ಹೇಳುವಾಗಲಾದ್ರೂ ತಡೀಬಾರದಿತ್ತೇನೋ ಕತ್ತೆ!"

"ಕೆಮ್ಮಿದ್ನಲ್ಲ, ದೊಡ್ಡಪ್ಪಾ."

ಸಿಟ್ಟಾದವರೂ ಇದ್ದರು. ಆದರೆ ಆಡು ಬೆಂದ ಮೇಲೆ ಸಿಟ್ಟು ಮಾಡುವುದು ಯಾರಿಗೂ ಸುಲಭವಲ್ಲ. ಸೋಮವಾರದ ಸಂಕಟವನ್ನು ಜ್ವಾರಾ ಬಾಯಿಬಿಟ್ಟು ಹೇಳಿದಾಗ, ಮಾರಾದೆಬೆ ಎಲುಬು ಚೀಪುತ್ತಲೇ ಎದ್ದಳು. "ನಾನು ಬರ್ತೀನಿ. ಕಟ್ಟಿದೋಳು ನಾನೇ, ಬಿಚ್ಚೋಳೂ ನಾನೇ."

ಸೋಮವಾರ ಕೌಂಟರಿನ ಮುಂದಿನ ಕುರ್ಚಿಯಲ್ಲಿ ಜ್ವಾರಾ ಕೂತ, ಅವನ ಪಕ್ಕದಲ್ಲಿ ಮಾಂಬೆಲೆ, ದೊಡ್ಡಪ್ಪ, ಮಾರಾದೆಬೆ ಮೂವರೂ ಸಾಲಾಗಿ ನಿಂತರು. ಸಿಸ್ಟಮ್ ಎದ್ದು ಕೂತಿತ್ತು. ಯಾವಾಗ ಬೀಳುತ್ತದೋ ಅಂತ ಎಲ್ಲರಿಗೂ ಜೀವ ಕೈಯಲ್ಲಿ.

"ಈ ಮನುಷ್ಯನಿಗೆ ಕೆಲಸ ಇಲ್ಲ ಅಂತ ಪ್ರಮಾಣ ಮಾಡ್ತೀರಾ?" ಅಂದಳು ಜೊಡ್ವಾ ಅಮ್ಮ.

"ಇಲ್ಲವೇ ಇಲ್ಲ!" ಮಾರಾದೆಬೆ ಎದೆ ತಟ್ಟಿಕೊಂಡಳು. "ಕೆಲಸಕ್ಕೆ ಬಾರದೋನು! ಮುಂಚೆಯಾದ್ರೂ ಏನ್ಮಾಡ್ತಿದ್ದ? ಹಾಸಿಗೆ ಮೇಲೆ ಬಿದ್ಕೊಂಡಿರ್ತಿದ್ದ. ಹುಟ್ಟಿದಾಗಿನಿಂದ ಒಂದು ದಿನ ದುಡಿದೋನಲ್ಲ, ನನ್ನ ತಂಗಿಯ ಮಗುವಿನಾಣೆ!"

ಜೊಡ್ವಾ ಅಮ್ಮನ ಕೈ ನಿಂತಿತು. "ಎಂದೂ ದುಡಿದೇ ಇಲ್ಲ ಅಂದ್ರೆ ಭತ್ಯೆ ಬರೋದಿಲ್ಲಮ್ಮಾ. ಇದು ದುಡಿದೋರಿಗೆ."

"ಅಯ್ಯೋ ನಿನ್ನ ನಾಲಿಗೆ ಸೇದಿಹೋಗ!" ಮಾಂಬೆಲೆ ಮಾರಾದೆಬೆಯನ್ನು ಸೊಂಟದಿಂದ ತಳ್ಳಿ ಮುಂದೆ ಬಂದಳು. "ದುಡಿದಿದ್ದಾನೆ! ಸಂಜೆ ಮನೆಗೆ ಬಂದು ಮಂಚ ಹತ್ತೋನಲ್ಲ, ನೆಲದ ಮೇಲೆ ಮಲಗ್ತಿದ್ದ, ಬೆನ್ನು ಅಷ್ಟು ನೋಯ್ತಿತ್ತು. ಎಣ್ಣೆ ತಿಕ್ಕಿದ ಕೈ ಇದು. ನಾನು ಆಡಿಕೊಂಡು ನಗ್ತಿದ್ದೆ, ಅದು ನಮ್ಮ ಮನೆಯ ಮಾತು. ನೀವು ಹಾಗನ್ನೋ ಹಾಗಿಲ್ಲ."

ಜ್ವಾರಾ ಹೆಂಡತಿಯನ್ನು ಹೊಸಬಳನ್ನು ನೋಡುವಂತೆ ನೋಡಿದ. ದೊಡ್ಡಪ್ಪ ಕೌಂಟರಿಗೆ ಎರಡೂ ಮೊಣಕೈ ಊರಿ ಬಗ್ಗಿದ. "ಮಗಳೇ, ಮೊದಲು ದುಡಿದಿದ್ದ. ಈಗ ಇಲ್ಲ. ಹಿರಿಯರನ್ನ ಕೇಳಿದ್ದೀವಿ, ಅವರು ಒಪ್ಪಿಯಾಗಿದೆ. ಇನ್ನು ನೀನೊಬ್ಬಳು ಬಾಕಿ."

ಜೊಡ್ವಾ ಅಮ್ಮ ಎಷ್ಟೇ ನಿಯಮದವಳಾದರೂ ಅದೇ ಮಣ್ಣಿನ ಹೆಣ್ಣು. ಅತ್ತಿತ್ತ ನೋಡಿ, ಸಣ್ಣ ದನಿಯಲ್ಲಿ, "ಆಡು ಕೂಗ್ತಾ?" ಅಂದಳು.

"ಆಚೆ ಬೀದಿಗೆ ಕೇಳ್ತು."

"ಚುಚ್ಚಿದ್ದಕ್ಕೆ ಕೂಗ್ತಾ, ಹೇಳಿದ್ದಕ್ಕೆ ಕೂಗ್ತಾ?"

"ಹೇಳಿದ್ದಕ್ಕೆ" ಅಂದ ದೊಡ್ಡಪ್ಪ, ಕಣ್ಣು ಮಿಟುಕಿಸದೆ.

ಅವಳು ಮುದ್ರೆ ಎತ್ತಿಕೊಂಡಳು. ಅಷ್ಟರಲ್ಲಿ ಹೊರಗೆ ದೊಡ್ಡ ಗಲಾಟೆ. ತೆಂಬಿಲೆ ಟೋಪಿಯಿಲ್ಲದೆ ಓಡಿಬಂದ. "ಸಾಹೇಬ್ರೇ, ಬನ್ನಿ! ಯಾರೋ ಕಲ್ಲು ಸರಿಸಿದ್ದಾರಂತೆ, ಈಗ ಕಲ್ಲು ನೆಲದ ಮೇಲಿಲ್ಲ, ಎಲ್ಲರ ಕೈಯಲ್ಲಿವೆ! ನೀವೊಂದು ಮಾತು ಹೇಳಿದ್ರೆ ಕೇಳ್ತಾರೆ!"

ಕಿಟಕಿಯಿಂದಲೂ ಕರೆದರು. "ಎಲ್ಲಪ್ಪಾ ನಮ್ಮ ಸಾಹೇಬ್ರು? ಅವರನ್ನ ಕಳಿಸಿ!" ಜೊಡ್ವಾ ಅಮ್ಮನ ಮುದ್ರೆ ಗಾಳಿಯಲ್ಲೇ ನಿಂತಿತ್ತು. ಅವಳು ಕನ್ನಡಕದ ಮೇಲಿಂದ ನೋಡುತ್ತ ಕಾದಳು. ಜ್ವಾರಾ ಅರ್ಧ ಎದ್ದ. ಅವನನ್ನು ಇಷ್ಟು ಜನ ಒಟ್ಟಿಗೆ ಹಿಂದೆಂದೂ ಕರೆದಿರಲಿಲ್ಲ, ಮುಂದೆಯೂ ಕರೆಯುವುದಿಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಾಂಬೆಲೆಯ ಕಡೆ ನೋಡಿದ. ಕುರ್ಚಿಯ ಎರಡೂ ಕೈ ಹಿಡಿದುಕೊಂಡು ಗಟ್ಟಿಯಾಗಿ ಕೂತ.

"ನನಗೆ ಕೆಲಸ ಇಲ್ಲ" ಅಂದ.

"ಏನಂದ್ರಿ? ಗಲಾಟೇಲಿ ಕೇಳಿಸ್ಲಿಲ್ಲ" ಅಂದಳು ಜೊಡ್ವಾ ಅಮ್ಮ.

"ನನಗೆ ಕೆಲಸ ಇಲ್ಲಾ!" ಅಂತ ಜ್ವಾರಾ ಕಟ್ಟಡ ಅದುರುವಂತೆ ಕಿರುಚಿದ.

ದಬ್ಬನೆ ಮುದ್ರೆ ಬಿತ್ತು. ಹೊರಗಿನ ಗಲಾಟೆ ಪಕ್ಕನೆ ನಿಂತಿತು. ಆ ಮೌನದಲ್ಲಿ ಸಾಲಿನ ಬಾಲದಿಂದ ಯಾರೋ ಒಬ್ಬ ಮುದುಕ ಕೂಗಿದ್ದು ಒಳಗಿನವರಿಗೆಲ್ಲ ಸ್ಪಷ್ಟವಾಗಿ ಕೇಳಿಸಿತು.

"ನಮಗೇನು ಇದೆಯೇನೋ? ಕಿರುಚಬೇಡ, ಸಾಲಿಗೆ ಬಾ!"